ಅಂಗಳಕ್ಕೆ ಎಸೆದ ಒನಕೆ

ಮೌನಪ್ಪಜ್ಜನವರ ಮಠ ಕೆರೆಯ ಏರಿಯ ಮೇಲಿತ್ತು. ಅಲ್ಲೊಂದು ಕೆರೆ ಇತ್ತು ಎನ್ನುವುದಕ್ಕೆ ಆ ಏರಿಯೊಂದೇ ಸಾಕ್ಷಿ.

ಕೆರೆಯಂಗಳ ನೀರು ಕಂಡು ಎಷ್ಟೋ ಮುಂಗಾರುಗಳಾಗಿದ್ದವು. ಅಲ್ಲಿ ಊರಿನವರು ಕ್ರಿಕೆಟ್ ಆಡುತ್ತಿದ್ದರು. ಮೇಯಲು ಬಂದ ಕುರಿಗಳು, ಮೇಯಲು ಏನೂ ಸಿಗದೆ, ಕ್ರಿಕೆಟ್ ನೋಡುತ್ತಿದ್ದವು.

ಮಠವೆಂದರೆ ಹಂಚು ಹೊದಿಸಿದ ಎರಡು ಅಂಕಣದ ಮಣ್ಣಿನ ಮನೆ, ಮುಂದೆ ಒಂದು ಬೇವಿನ ಮರ.

ಶರಭಯ್ಯ ಅಲ್ಲಿಗೆ ಬಂದದ್ದು ದೀಕ್ಷೆಗಾಗಿ. ಗುರು ತಲೆಯ ಮೇಲೆ ಕೈ ಇಡಬೇಕು, ಕಿವಿಯಲ್ಲಿ ಮಂತ್ರ ಹೇಳಬೇಕು, ಆಮೇಲೆ ತಾನು ಬೇರೆಯೇ ಮನುಷ್ಯನಾಗಬೇಕು. ಇಷ್ಟೇ ಅವನ ಬೇಡಿಕೆ. ಇದಕ್ಕಾಗಿ ಅವನು ಮಾವನ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆ ಬಿಟ್ಟು ಬಂದಿದ್ದ. ಮಾವ ಅಡ್ಡಿ ಮಾಡಿರಲಿಲ್ಲ. ಅದು ಶರಭಯ್ಯನಿಗೆ ಸ್ವಲ್ಪ ಬೇಸರ ತಂದಿತ್ತು.

"ದೀಕ್ಷಾ ಯಾವಾಗ ಕೊಡ್ತೀರಿ, ಅಜ್ಜಾರ?"

ಅಜ್ಜ ಏರಿಯ ಆ ತುದಿಗೆ ಕೈ ಮಾಡಿದರು.

"ಅದು ಮುಚ್ಚಿದ ಮ್ಯಾಲ."

ಅದು ಎಂದರೆ ಕಂಡಿ. ಕೆರೆ ಒಣಗಿದ ಮೇಲೆ ಊರು ಒಮ್ಮತದಿಂದ ಮಾಡಿದ ಕೆಲಸ. ಆಚೆಯ ಹೊಲಗಳಿಗೆ ಹೋಗಲು ಏರಿಯನ್ನು ಸುತ್ತಿಕೊಂಡು ಹೋಗಬೇಕಾಗಿತ್ತು. ನೀರಿಲ್ಲದ ಕೆರೆಗೆ ಏರಿ ಯಾಕೆ ಎಂದು ಟ್ರ್ಯಾಕ್ಟರ್ ಇದ್ದ ಫಕೀರಗೌಡರು ಕೇಳಿದರು. ಊರವರು ಗುದ್ದಲಿ ತಂದರು. ಏರಿ ತಗ್ಗಾಗಿರುವ ತುದಿಯಲ್ಲಿ, ಒಂದು ಬಂಡಿ ಹಾಯುವಷ್ಟು ಅಗಲಕ್ಕೆ, ನೆಲದ ಮಟ್ಟದವರೆಗೆ ಕಡಿದು ದಾರಿ ಮಾಡಿದರು. ಆ ಊರಿನಲ್ಲಿ ಅಷ್ಟು ಬೇಗ ಮುಗಿದ ಸಾರ್ವಜನಿಕ ಕೆಲಸ ಇನ್ನೊಂದಿಲ್ಲ.

"ಕಂಡಿಗೂ ಮಂತ್ರಕ್ಕೂ ಏನ್ರಿ ಸಂಬಂಧ?" ಎಂದ ಶರಭಯ್ಯ.

"ಸಲಿಕಿ ಬಾಗಲ ಹಿಂದ ಐತಿ," ಎಂದರು ಅಜ್ಜ. "ಬುಟ್ಟಿ ಅದರ ಬಾಜೂಕ."

ಶರಭಯ್ಯ ಸಲಿಕೆ ತೆಗೆದುಕೊಂಡ. ದೊಡ್ಡವರು ಮೊದಲು ಶಿಷ್ಯರನ್ನು ಪರೀಕ್ಷಿಸುತ್ತಾರೆ ಎಂದು ಅವನು ಓದಿದ್ದ. ಪರೀಕ್ಷೆ ಒಂದು ವಾರ ಇರಬಹುದು ಅಂದುಕೊಂಡ.

*

ಒಂದೇ ಸಲ ಮುಚ್ಚಿಬಿಡಬೇಕು ಎಂಬುದು ಶರಭಯ್ಯನ ಲೆಕ್ಕ. ಅಜ್ಜ ಒಪ್ಪಲಿಲ್ಲ.

"ಎರಡು ಬೆರಳು ದಪ್ಪ ಹಾಕು. ಸಾಕು."

"ಎರಡು ಬೆರಳು ಹಾಕಿದ್ರ ಯಾವಾಗ ಮುಗೀತೈತ್ರಿ?"

"ಎರಡು ಬೆರಳು ಹಾಕೂದು ಇವತ್ತ ಮುಗೀತೈತಿ."

ಬೆಳಿಗ್ಗೆ ಅವನು ಎರಡು ಬೆರಳು ದಪ್ಪ ಮಣ್ಣು ಹರಡಿ, ಕೈಯಿಂದ ಸವರಿ, ಚೊಕ್ಕ ಮಾಡುತ್ತಿದ್ದ. ಸಂಜೆಯೊಳಗೆ ಊರಿನ ಬಂಡಿ, ಎತ್ತು, ಎಮ್ಮೆ, ಫಕೀರಗೌಡರ ಟ್ರ್ಯಾಕ್ಟರ್, ಎಲ್ಲವೂ ಅದರ ಮೇಲೆ ಹಾಯ್ದು ಹೋಗುತ್ತಿದ್ದವು. ಮರುದಿನ ಮತ್ತೆ ಎರಡು ಬೆರಳು.

ವಾರ ಕಳೆಯಿತು. ತಿಂಗಳೂ ಕಳೆಯಿತು. ಇದು ಪರೀಕ್ಷೆಯಲ್ಲ, ಕೆಲಸ ಎಂಬ ಅನುಮಾನ ಶರಭಯ್ಯನಿಗೆ ಆಗಲೇ ಶುರುವಾದದ್ದು.

"ನಾ ಹಾಕ್ತೀನಿ, ಅವರು ತುಳೀತಾರ, ಅಜ್ಜಾರ."

"ಹೂಂ. ಅರ್ಧಾ ಕೆಲಸ ನಿಂದು, ಅರ್ಧಾ ಅವರದು."

ಅಜ್ಜ ಸಮಾಧಾನ ಹೇಳುತ್ತಿದ್ದಾರೆ ಅಂದುಕೊಂಡ ಶರಭಯ್ಯ. ಅಜ್ಜ ಹಾಗೆಲ್ಲ ಸಮಾಧಾನ ಹೇಳುವವರಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಒಂದು ದಿನ ಫಕೀರಗೌಡರು ಕಂಡಿಯಲ್ಲೇ ಟ್ರ್ಯಾಕ್ಟರ್ ನಿಲ್ಲಿಸಿದರು. ಅವರು ದಿನವೂ ಕೆರೆಯಂಗಳದ ಹೂಳು ತುಂಬಿಕೊಂಡು ತಮ್ಮ ಹೊಲಕ್ಕೆ ಹೊಡೆಸುತ್ತಿದ್ದರು. ಕೆರೆ ಸತ್ತದ್ದರಿಂದ ಏನಾದರೂ ಪ್ರಯೋಜನ ಪಡೆದವರು ಊರಿನಲ್ಲಿ ಅವರೊಬ್ಬರೇ.

"ಏನ್ ಅಜ್ಜಾರ, ನನ್ನ ದಾರಿ ಮುಚ್ಚಾಕತ್ತೀರಂತ?"

"ಇಲ್ಲೋ ಗೌಡಾ. ಎತ್ತರ ಮಾಡಾಕತ್ತೀವಿ."

"ಯಾತಕ್ಕ?"

"ನಾಳೆ ನೀರು ಬಂದ್ರ ನಿನ್ನ ಗಾಲಿ ತೊಯ್ಯಬಾರದು."

ಗೌಡರು ಆಕಾಶ ನೋಡಿದರು. ಶರಭಯ್ಯನನ್ನು ನೋಡಿದರು. ಆಮೇಲೆ ನಗುತ್ತ ಟ್ರ್ಯಾಕ್ಟರ್ ಚಾಲೂ ಮಾಡಿ, ಊರು ಮುಟ್ಟುವವರೆಗೂ ನಗುತ್ತ ಹೋದರು. ಅಡ್ಡಿ ಮಾತ್ರ ಮಾಡಲಿಲ್ಲ. ಎರಡು ಬೆರಳು ಮಣ್ಣಿಗೆ ಯಾರು ಜಗಳ ತೆಗೆಯುತ್ತಾರೆ?

ದಾರಿ ಏರುತ್ತ ಹೋಯಿತು. ಜನರಿಗೆ ಅದು ತಿಳಿಯಲಿಲ್ಲ. ಎತ್ತುಗಳಿಗೆ ಮಾತ್ರ ತಿಳಿಯಿತು.

*

ಆಷಾಢದಲ್ಲೂ ಮಳೆಯಿಲ್ಲ. ಊರಿನ ಹೆಂಗಸರು ಗುರ್ಜಿ ಎಬ್ಬಿಸಿದರು.

ರೊಟ್ಟಿಯ ಹಂಚಿನ ಮೇಲೆ ಸಗಣಿಯ ಗುರ್ಜಿ ಗೊಂಬೆ ಮಾಡಿ, ಗರಿಕೆ ಸಿಕ್ಕಿಸಿ, ಒಬ್ಬರ ತಲೆಯ ಮೇಲಿಟ್ಟು ಮನೆಮನೆಗೆ ಹೋಗುವುದು. ಪ್ರತಿ ಮನೆಯ ಬಾಗಿಲಲ್ಲೂ ಒಂದು ಕೊಡ ನೀರು ಸುರಿಯುತ್ತಾರೆ, ಹೊತ್ತವರು ಗಿರಗಿರ ತಿರುಗುತ್ತಾರೆ. ನೀರಿಲ್ಲದ ಊರು ಮಳೆಗಾಗಿ ಅಷ್ಟು ನೀರು ಖರ್ಚು ಮಾಡುವುದನ್ನು ನೋಡಿದರೆ ಮಳೆಗೂ ಮನಸ್ಸು ಕರಗಬೇಕು.

ಗುರ್ಜಿಗೆ ಮುಂದಾಳು ನೀಲವ್ವ. ಬಾಯಲ್ಲಿ ಅವಳಿಗೆ ಎದುರು ನಿಲ್ಲುವವರು ಊರಿನಲ್ಲಿ ಇರಲಿಲ್ಲ. ಇದ್ದವರು ಬೇರೆ ಊರಿಗೆ ಹೋಗಿದ್ದರು.

ಅಜ್ಜ ಅವಳನ್ನು ಏರಿಯ ಮೇಲೆ ತಡೆದರು.

"ನೀಲವ್ವಾ, ಈ ಸಲ ಕೊಡಾ ಎಲ್ಲಾ ಕಂಡಿ ಮ್ಯಾಲ ತಂದು ಸುರುವ್ರಿ."

"ಮನಿ ಬಾಗಲಿಗೆ ಸುರುವೂದು ಪದ್ಧತಿ, ಯಪ್ಪಾ."

"ಹೌದವ್ವ. ಮಳಿ ಮನಿ ಬಾಗಲಿಗೆ ಬಂತಂದ್ರ ಎಲ್ಲಿ ಇಟ್ಕೋತೀರಿ?"

ನೀಲವ್ವ ಯೋಚಿಸಿದಳು. ಅವಳಿಗೆ ಅದು ಪದ್ಧತಿಯಲ್ಲ. ಯೋಚಿಸಿ, ಹೂಂ ಅಂದಳು.

ಗುರ್ಜಿ ಕಂಡಿಯ ಮೇಲೆ ತಿರುಗಿತು. ಊರಿನ ಕೊಡಗಳೆಲ್ಲ ಅಲ್ಲೇ ಬರಿದಾದವು. ಶರಭಯ್ಯನ ಮಣ್ಣು ಮೊದಲ ಬಾರಿಗೆ ಒದ್ದೆಯಾಯಿತು. ಸಂಜೆ ಬಂಡಿಗಳು ಅದರ ಮೇಲೆಯೇ ಹಾಯ್ದು ಮನೆಗೆ ಹೋದವು.

ಮಳೆ ಬರಲಿಲ್ಲ. ಕಂಡಿಯ ಮಣ್ಣು ಮಾತ್ರ ಕಲ್ಲಿನಂತಾಯಿತು.

"ಅಜ್ಜನ ಮಾತು ಕೇಳಿ ಗುರ್ಜಿ ಕೆಡಿಸಿಕೊಂಡ್ವಿ," ಎಂದು ನೀಲವ್ವ ಊರಿಗೆಲ್ಲ ಹೇಳಿದಳು. ಅಜ್ಜನಿಗೂ ಬಂದು ಹೇಳಿದಳು. ಅಜ್ಜ ತಲೆಯಾಡಿಸಿದರು.

ಅಂದಿನಿಂದ ಅವರು ಸ್ನಾನವನ್ನೂ ಕಂಡಿಯ ಮೇಲೆಯೇ ಮಾಡತೊಡಗಿದರು. ಇದ್ದದ್ದೇ ಒಂದು ತಂಬಿಗೆ ನೀರು. ಅಜ್ಜನ ಸ್ನಾನ ಮುಗಿಯುವವರೆಗೆ ಬಂಡಿಗಳು ಎರಡೂ ಕಡೆ ಕಾಯುತ್ತಿದ್ದವು.

*

ಚಳಿಗಾಲಕ್ಕೆ ಕಂಡಿ ಮುಕ್ಕಾಲು ಮುಚ್ಚಿತ್ತು. ಶರಭಯ್ಯನಿಗೆ ಅದರ ಮೇಲೆ ಮೋಹ ಹುಟ್ಟಿತ್ತು.

ಒಂದು ಬೆಳಿಗ್ಗೆ ಅವನು ಸವರಿ ಮುಗಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಗೌಡರ ಟ್ರ್ಯಾಕ್ಟರ್ ಬಂತು. ಹಸಿ ಮಣ್ಣಿನಲ್ಲಿ ಎರಡು ಆಳವಾದ ಗೆರೆ ಕೊರೆದು ಹೋಯಿತು. ಗೌಡರು ಮೇಲಿನಿಂದ, "ಬೇಷ್ ಮಾಡಿದಿ ನೋಡು, ಡಾಂಬರ್ ಯಾವಾಗ ಹಾಕ್ತಿ?" ಎಂದು ಕೇಳಿದರು.

ಶರಭಯ್ಯ ಸಲಿಕೆ ಅಲ್ಲೇ ಎಸೆದ. ಜಾಲಿಯ ಗೂಟಗಳನ್ನು ಕಡಿದು ತಂದ. ಕಂಡಿಯ ಉದ್ದಗಲಕ್ಕೂ ಆಳವಾಗಿ ಬಡಿದ. ಮುಳ್ಳು ಹೇರಿ ಬೇಲಿ ಕಟ್ಟಿದ. ಇನ್ನು ತುಳಿಯಲಿ ನೋಡೋಣ.

ಬಂಡಿಗಳು ಏರಿ ಸುತ್ತಿ ಹೋದವು. ಬಂಡಿಯ ಮೇಲಿದ್ದವರೆಲ್ಲ ಶರಭಯ್ಯನ ಅಂಗಡಿ, ಮಾವ, ದೀಕ್ಷೆ, ಮೂರನ್ನೂ ಬೈಗುಳದ ಜೊತೆ ನೆನೆಸಿಕೊಂಡು ಹೋದರು. ಅವನು ಬೇಲಿಯೊಳಗೆ ನೆಮ್ಮದಿಯಿಂದ ಮಣ್ಣು ಹಾಕಿದ. ಎರಡು ಬೆರಳಲ್ಲ, ಮೊಳದಷ್ಟು. ಕೆಲಸ ಬೇಗ ಬೇಗ ಸಾಗಿತು.

ಪಕ್ಕದೂರಿನ ಭಕ್ತರ ಮನೆಗೆ ಹೋಗಿದ್ದ ಅಜ್ಜ ತಿರುಗಿ ಬಂದರು. ಬೇಲಿ ನೋಡಿದರು.

"ಇದು ಯಾರ ಸಲುವಾಗಿ?"

"ಏರಿ ಉಳೀಲಿ ಅಂತ್ರಿ."

ಅಜ್ಜ ಕೈಯಲ್ಲಿದ್ದ ಬೆತ್ತವನ್ನು ಬೇಲಿಯಾಚೆಯ ಹಳೆಯ ಮಣ್ಣಿಗೆ ಊರಿದರು. ಅದು ಟಣ್ ಎಂದಿತು. ಬೇಲಿಯೊಳಗಿನ ಹೊಸ ಮಣ್ಣಿಗೆ ಊರಿದರು. ಬೆತ್ತ ಮಾತಿಲ್ಲದೆ ಒಳಗೆ ಹೋಯಿತು.

"ಅಲ್ಲಿ ಯಾರು ತುಳದಾರ?" ಎಂದರು ಅಜ್ಜ.

ಶರಭಯ್ಯನಿಗೆ ಆಗ ತಿಳಿಯಿತು. ಇಷ್ಟು ತಿಂಗಳು ತನ್ನ ಕೆಲಸ ಕೆಡಿಸುತ್ತಿದ್ದಾರೆ ಎಂದು ಯಾರನ್ನು ಬಯ್ದುಕೊಂಡಿದ್ದನೋ ಅವರೇ ಏರಿ ಕಟ್ಟುತ್ತಿದ್ದರು. ಅವರಿಗೂ ಅದು ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಅವರು ಸುತ್ತು ದಾರಿಯಲ್ಲೇ ಹೋಗುತ್ತಿದ್ದರು.

"ಮುಳ್ಳು ತೆಗಿ. ಗೂಟಾನೂ ಕೀಳು."

ಮುಳ್ಳು ತೆಗೆದ. ಗೂಟ ಮಾತ್ರ ಬರಲಿಲ್ಲ. ಸಿಟ್ಟಿನಲ್ಲಿ ಬಡಿದ ಗೂಟ ಆಳಕ್ಕೆ ಹೋಗಿರುತ್ತದೆ. ಎಳೆದ, ಅಲ್ಲಾಡಿಸಿದ, ಕೊನೆಗೆ ಕೊಡಲಿ ತಂದು ನೆಲದ ಮಟ್ಟಕ್ಕೆ ಕಡಿದು, ಮೇಲೆ ಮಣ್ಣೆಳೆದ. ನೋಡಲು ಚೊಕ್ಕವಾಗಿತ್ತು.

"ಗೂಟ ಕಿತ್ತಿ?"

"ಕಿತ್ತೀನ್ರಿ."

ಅಜ್ಜ ಅವನ ಮುಖ ನೋಡಿದರು. 

*

ಯುಗಾದಿ ಬಂತು, ಹೋಯಿತು. ಬೇವಿನ ಹೂ ಸಿಕ್ಕಿತು, ಬೆಲ್ಲಕ್ಕೆ ಊರಿಗೆ ಹೋಗಬೇಕಾಯಿತು.

ಬಿಸಿಲು ಏರಿದ ಒಂದು ದಿನ ಶರಭಯ್ಯ ಬುಟ್ಟಿ ಕೆಳಗಿಟ್ಟ.

"ಅಜ್ಜಾರ, ಮಳಿ ಬರದ ಹೋದ್ರ?"

"ಬರದಿದ್ರ ನಮ್ಮದೇನ ಕೆಡ್ತು? ಬಂದ್ರ ಕೆಡತೈತಿ."

"ಬಂದ್ರ ಹ್ಯಾಂಗ ಕೆಡತೈತ್ರಿ?"

"ಕರಿಯೂದು ಎಲ್ಲಾರೂ ಕರದಾರ. ಬಂದ್ರ ಕೂಡಸಾಕ ಜಾಗಾ ಯಾರು ಮಾಡ್ಯಾರ?"

ಶರಭಯ್ಯ ಬುಟ್ಟಿ ಎತ್ತಿಕೊಂಡ. ಇನ್ನು ದೀಕ್ಷೆಯ ಮಾತು ಎತ್ತುವುದಿಲ್ಲ, ಕಂಡಿ ಮುಚ್ಚುವವರೆಗೆ ಇಲ್ಲಿಂದ ಹೋಗುವುದೂ ಇಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ. ಯಾರಿಗೂ ಹೇಳಲಿಲ್ಲ. ಕೇಳುವವರೂ ಇರಲಿಲ್ಲ.

ಕಂಡಿಯ ಮಣ್ಣು ಏರಿಯ ತಲೆಗಿಂತ ಒಂದು ಮೊಳ ತಗ್ಗಿದ್ದಾಗ, ಭರಣಿ ಮಳೆಯ ಕಾಲದ ಒಂದು ಮಧ್ಯಾಹ್ನ, ಗುಡ್ಡದ ಹಿಂದೆ ಮುಗಿಲು ಕಪ್ಪಾಯಿತು.

ಮೊದಲು ಗಾಳಿ ಬಂತು. ಗಾಳಿಯ ಹಿಂದೆ ಧೂಳು. ಧೂಳಿನ ಹಿಂದೆ, ಎಷ್ಟೋ ಕಾಲದ ಮೇಲೆ, ನೆಲದ ವಾಸನೆ.

ಶರಭಯ್ಯ ಏರಿಯ ಮೇಲೆ ಎರಡೂ ಕೈ ಚಾಚಿ ಆಕಾಶಕ್ಕೆ ಮುಖ ಕೊಟ್ಟು ನಿಂತ. ಹಾಗೆ ನಿಲ್ಲಬೇಕೆಂದು ಅವನು ಬಹಳ ದಿನದಿಂದ ಅಂದುಕೊಂಡಿದ್ದ.

ಮೊದಲ ಆಲಿಕಲ್ಲು ಅವನ ಮೂಗಿಗೆ ಬಿತ್ತು.

ಎರಡನೆಯದು ನಿಂಬೆಹಣ್ಣಿನ ಗಾತ್ರದ್ದು. ಅವನು ಬುಟ್ಟಿ ಬೋರಲು ಮಾಡಿ ತಲೆಯ ಮೇಲೆ ಹಾಕಿಕೊಂಡು ಮಠದ ಕಡೆಗೆ ಓಡಿದ. ಹಂಚುಗಳು ಒಂದೊಂದಾಗಿ ಒಡೆಯುತ್ತಿದ್ದವು. ಬೇವಿನ ಎಲೆಯೆಲ್ಲ ನೆಲಕ್ಕಿಳಿದಿತ್ತು. ಅಜ್ಜ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಊರಿನ ಕಡೆಯಿಂದ ದಡದಡ ಸದ್ದು ಕೇಳಿತು. ಮನೆಮನೆಯಿಂದಲೂ ಅಂಗಳಕ್ಕೆ ಒನಕೆ ಎಸೆಯುತ್ತಿದ್ದರು.

ಅದು ಆ ಊರಿನ ಪದ್ಧತಿ. ಆಲಿಕಲ್ಲು ಬಿದ್ದರೆ ಒನಕೆಯನ್ನು ಅಂಗಳಕ್ಕೆ ಎಸೆಯಬೇಕು. ಒನಕೆಗೆ ಹೆದರಿ ಆಲಿಕಲ್ಲು ನಿಲ್ಲುತ್ತದೆ. ನಿಲ್ಲುವವರೆಗೆ ಅದನ್ನು ಯಾರೂ ಎತ್ತಬಾರದು. ಗುರ್ಜಿ ತಿರುಗಿಸಿ ಬಾ ಎಂದ ಬಾಯಿಂದಲೇ ಹೋಗು ಅನ್ನಲು ಯಾರಿಗಾದರೂ ಸಂಕೋಚವಾಗುತ್ತದೆ. ಅದಕ್ಕೆ ಒನಕೆಯನ್ನು ಕಳಿಸುತ್ತಾರೆ.

"ಅಜ್ಜಾರ, ನಮ್ಮ ಒನಕಿನೂ ಎಸೀಲ್ಯಾ?"

"ಯಾಕ?"

"ನಿಲ್ಲಲಿ ಅಂತ್ರಿ. ಹಂಚ ಒಂದೂ ಉಳಿಯಂಗಿಲ್ಲ."

"ಕರದು ಕರದು ಬೀಗ ಬಂದಾನ," ಎಂದರು ಅಜ್ಜ. "ಬಾಗಲಾ ಜೋರ ಬಡದಾ ಅಂತ ಚಿಲಕಾ ಹಾಕ್ತೀಯೇನು?"

ಆಗಲೇ ಗುಡ್ಡದ ಕಡೆಯಿಂದ ಮೊರೆತ ಕೇಳಿಸಿತು. ಹಳ್ಳ ಬರುತ್ತಿತ್ತು.

*

ಕೆಂಪು ನೀರು ಕೆರೆಯಂಗಳಕ್ಕೆ ನುಗ್ಗಿತು. ಕ್ರಿಕೆಟ್‌ನ ಮೂರು ಕೋಲುಗಳನ್ನು ಮೊದಲು ತೆಗೆದುಕೊಂಡು ಹೋಯಿತು.

ಹೂಳು ತುಂಬುತ್ತಿದ್ದ ಫಕೀರಗೌಡರು ನೀರಿಗಿಂತ ಸ್ವಲ್ಪ ಮುಂದೆ ಇದ್ದರು. ತುಂಬಿದ ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಏದುಸಿರು ಬಿಡುತ್ತ ಕಂಡಿಯ ಮೇಲೆ ಹತ್ತಿ, ಅಲ್ಲೇ ಬಂದ್ ಬಿತ್ತು. ಗೌಡರು ಇಳಿದು ಟ್ರೇಲರಿನ ಕೆಳಗೆ ಸೇರಿಕೊಂಡರು.

ಅಜ್ಜ ಮತ್ತು ಶರಭಯ್ಯ ಕಂಡಿಗೆ ಬರುವಷ್ಟರಲ್ಲಿ ನೀರು ಎದೆಮಟ್ಟ ಏರಿತ್ತು. ನೋಡುತ್ತಿದ್ದಂತೆ ಇನ್ನೂ ಏರಿತು. ಬಂಡಿಗಳು ತುಳಿದ ಮಣ್ಣು ಗೋಡೆಯಂತೆ ನಿಂತಿತ್ತು. ನೀರು ಅದನ್ನು ನೆಕ್ಕಿ ನೋಡಿ, ಬಿಟ್ಟು, ಮೇಲೇರಿತು. ಮೇಲೆ ಬೇಲಿಯೊಳಗೆ ಹಾಕಿದ ಮಣ್ಣಿತ್ತು.

ಏರಿಯ ಹಿಂಬದಿಯಲ್ಲಿ ಒಂದು ಕಡೆ ನೀರು ಜಿನುಗಿತು. ಆಮೇಲೆ ಇನ್ನೊಂದು ಕಡೆ. ಆಮೇಲೆ ಸಾಲಾಗಿ.

"ನೋಡು," ಎಂದರು ಅಜ್ಜ. "ನೀ ಕಿತ್ತಿದ್ದ ಗೂಟದಾಗಿಂದ ನೀರ ಬರಾಕತ್ತೈತಿ."

ಶರಭಯ್ಯ ಜಿನುಗುವ ಸಾಲು ಎಣಿಸಿದ, ಗೂಟಕ್ಕೊಂದು.  ಈ ಒಂದು ಮಳೆ ಹರಿದು ಹೋದರೆ ಊರಿಗೆ ಮತ್ತೆ ಯಾವ ಮಳೆಯೋ. ಹರಿದು ಹೋಗುವುದು ಅವನು ಕಡಿದು ಮುಚ್ಚಿದ ಗೂಟಗಳ ದಾರಿಯಿಂದ.

ಅವನು ಕಂಡಿಗೆ ಅಡ್ಡವಾಗಿ ಉದ್ದಕ್ಕೆ ಮಲಗಿಬಿಟ್ಟ.

"ಏನ್ ಮಾಡಾಕತ್ತಿ?"

"ಅಡ್ಡ ಮಲಗೀನ್ರಿ. ಹಿಂದ ಯಾವನೋ ಶಿಷ್ಯಾ ಹಿಂಗ ಮಲಗಿ ನೀರ ತಡದಿದ್ನಂತ..."

"ಅವನ ಗುರುವಿಂದು ಗದ್ದಿ ಇತ್ತು. ನಮ್ಮದು ಕೆರಿ. ನೀ ಅಷ್ಟು ಅಗಲ ಇಲ್ಲ. ಏಳು."

ಶರಭಯ್ಯ ಎದ್ದ.

"ಮಂದೀನ ಕರಕೊಂಡ ಬರ್ಲ್ಯಾ ಅಜ್ಜಾರ?"

"ಕರದ್ರ ಇಂಥಾದರಾಗ ಯಾರು ಬರ್ತಾರ? ಒನಕಿ ತಗೊಂಡ ಬಾ."

"ಯಾರವು?"

"ಅಂಗಳದಾಗ ಬಿದ್ದಾವಲ್ಲ."

ಶರಭಯ್ಯ ಬುಟ್ಟಿಯನ್ನು ತಲೆಯ ಮೇಲೆ ಸರಿಯಾಗಿ ಕೂರಿಸಿಕೊಂಡು ಹೊರಟ. ಅಜ್ಜ ಅವನತ್ತ ಕೈ ಚಾಚಿದರು. ಕೊನೆಗೂ ಆಶೀರ್ವಾದ ಮಾಡುತ್ತಿದ್ದಾರೆ ಎಂದು ಅವನು ತಲೆ ಬಾಗಿಸಿದ.

ಅಜ್ಜ ಬುಟ್ಟಿ ತೆಗೆದುಕೊಂಡರು. ಮಣ್ಣಿಗೆ ಬೇಕಾಗಿತ್ತು.

ಶರಭಯ್ಯ ಬರಿ ತಲೆಯಲ್ಲಿ ಓಡಿದ.

*

ಮೊದಲ ಅಂಗಳ ನೀಲವ್ವನದು. ಅವನು ಒನಕೆ ಎತ್ತಿ ಹೆಗಲಿಗಿಟ್ಟ. ನೀಲವ್ವ ಬಾಗಿಲಲ್ಲಿ ಕಿರುಚಿದಳು.

"ಏ ಶರಭ್ಯಾ! ಮುಟ್ಟಬ್ಯಾಡ ಅದನ್ನ! ಎತ್ತಿದ್ರ ಆಣಿಕಲ್ಲ ನಿಲ್ಲಂಗಿಲ್ಲ!"

"ನಿಲ್ಲಬಾರದ ಬೇ ಯವ್ವಾ!"

"ಹುಚ್ಚ ಹಿಡದೈತೇನ ನಿನಗ?"

ಅವನು ಆಗಲೇ ಮುಂದಿನ ಅಂಗಳದಲ್ಲಿದ್ದ. ಅಲ್ಲಿಂದ ಅದರ ಮುಂದಿನದಕ್ಕೆ. ಆಲಿಕಲ್ಲು ಅವನ ತಲೆ, ಹೆಗಲು, ಕಿವಿ ನೋಡದೆ ಬೀಳುತ್ತಿತ್ತು. ಅವನು ಹೆಗಲ ಮೇಲೆ ಹಿಡಿಸುವಷ್ಟು ಒನಕೆ ಹೇರಿಕೊಂಡು ತಿರುಗಿ ಏರಿಯ ಕಡೆಗೆ ಓಡಿದ.

"ಒನಕಿ ಕದ್ದಾ! ಮಠದ ಶರಭ್ಯಾ ಒನಕಿ ಕದ್ದಾ!"

ನೀಲವ್ವ ತಲೆಗೆ ಮೊರ ಹಿಡಿದು ಬೆನ್ನು ಹತ್ತಿದಳು. ಅವಳ ಹಿಂದೆ ಪಾತ್ರೆ ಬೋರಲು ಹಾಕಿಕೊಂಡವರು, ಗೋಣಿ ಹೊದ್ದವರು, ಹಲಗೆ ಹಿಡಿದವರು. ಇಬ್ಬರು ಅಣ್ಣತಮ್ಮಂದಿರು ಮಲಗುವ ಹೊರಸನ್ನೇ ಹೊತ್ತು, ಅದರ ಕೆಳಗೆ ಬಯ್ಯುತ್ತ ಬಂದರು.

ಮಳೆ ಬಂತೆಂದು ಊರಿನಲ್ಲಿ ಒಬ್ಬರೂ ಮನೆ ಬಿಟ್ಟಿರಲಿಲ್ಲ. ಒನಕೆ ಹೋಯಿತೆಂದು ಎಲ್ಲರೂ ಬಂದರು.

ಕೂಗುತ್ತ ಏರಿ ಹತ್ತಿದವರು ಮೇಲೆ ಬಂದು ನಿಂತುಬಿಟ್ಟರು.

ಕೆರೆಯಲ್ಲಿ ನೀರಿತ್ತು. ಏರಿಯಿಂದ ಗುಡ್ಡದ ಬುಡದವರೆಗೆ, ಅಲೆ ಎಬ್ಬಿಸಿಕೊಂಡು, ಮೇಲೆ ಬಿಳಿ ಆಲಿಕಲ್ಲು ತೇಲಿಸಿಕೊಂಡು ನೀರಿತ್ತು. ನೀಲವ್ವನ ಮೊರ ಕೆಳಗಿಳಿಯಿತು. ಅವಳಿಗೆ ಬಯ್ಯುವುದು ಮರೆತು ಹೋದದ್ದು ಅದೊಂದೇ ಸಲ.

"ನೀಲವ್ವಾ," ಎಂದರು ಅಜ್ಜ, "ನಿನ್ನ ಒನಕಿ ತಗೊ. ಇಲ್ಲೆ ಕುಟ್ಟು."

ಅವಳು ಹಿಂಬದಿಯಲ್ಲಿ ಜಿನುಗುವ ಸಾಲು ನೋಡಿದಳು. ಒನಕೆ ಎತ್ತಿಕೊಂಡಳು.

"ಮಣ್ಣೆಲ್ಲೈತಿ?" ಎಂದಳು.

ಎಲ್ಲರೂ ಟ್ರೇಲರ್ ನೋಡಿದರು. ಕೆಳಗಿನಿಂದ ಗೌಡರ ದನಿ ಬಂತು.

"ಅದು ನನ್ನ ಹೊಲಕ್ಕ ಒಯ್ಯಾಕತ್ತಿದ್ದ ಮಣ್ಣೈತಿ!"

"ಹೊರಗ ಬರ್ರಿ ಗೌಡ್ರ!" ಎಂದಳು ನೀಲವ್ವ. "ಹೊಲಕ್ಕ ಮಣ್ಣ ಹಾಕಿ ಏನ ಬಿತ್ತಾವ್ರದೀರಿ? ಆಣಿಕಲ್ಲಾ?"

ಗೌಡರು ಹೊರಗೆ ಬಂದರು. ನೀರು ಅವರ ಗಾಲಿಯ ಹತ್ತಿರ ಬಂದಿತ್ತು. ಗಾಲಿ ನೋಡಿದರು. ಅಜ್ಜನನ್ನು ನೋಡಿದರು. ಅಜ್ಜ ಬೇರೆ ಕಡೆ ನೋಡುತ್ತಿದ್ದರು.

ಗೌಡರು ತಾವೇ ಟ್ರೇಲರಿನ ಹಿಂದಿನ ಹಲಗೆ ಬಿಚ್ಚಿದರು.

"ಮೊದಲ ಗೂಟ," ಎಂದರು ಅಜ್ಜ ಶರಭಯ್ಯನಿಗೆ.

ಶರಭಯ್ಯ ಮಂಡಿಯೂರಿ ಕೈಯಿಂದಲೇ ಮಣ್ಣು ಬಗೆದ. ಒಂದು ಗೂಟ ಸಿಕ್ಕಿತು. ಎಳೆದ. ಬರಲಿಲ್ಲ. ಎರಡೂ ಕಾಲು ಊರಿ ಎಳೆದ. ಬಂತು, ಅದರ ಹಿಂದೆ ನೀರೂ ನುಗ್ಗಿ ಬಂತು. "ಹಾಕ್ರಿ!" ಎಂದು ಕೂಗಿದ. ಒಂದು ಬುಟ್ಟಿ ಹೂಳು ಬಿತ್ತು, ಅದರ ಮೇಲೆ ಒನಕೆ ಬಿತ್ತು. ಅವನು ಮುಂದಿನ ಗೂಟಕ್ಕೆ ಹೋದ.

ಹೆಂಗಸರು ಇಬ್ಬಿಬ್ಬರಾಗಿ ನಿಂತರು, ಒರಳಿನ ಮುಂದೆ ನಿಂತ ಹಾಗೆ. ಒಂದು ಒನಕೆ ಮೇಲೆ ಹೋದಾಗ ಇನ್ನೊಂದು ಕೆಳಗೆ. ಯಾರೋ ರೂಢಿಯ ಮೇಲೆ ಸುವ್ವಿ ಎಂದರು. ಆಮೇಲೆ ಎಲ್ಲರೂ ಅಂದರು. ಗಂಡಸರು ಮಣ್ಣು ಹೊತ್ತರು. ಹೊರಸಿನ ಅಣ್ಣತಮ್ಮಂದಿರು ಹೊರಸಿನ ಮೇಲೆಯೇ ಮಣ್ಣು ಹೇರಿದರು. ತಲೆಗೆ ಏನಾದರೂ ಮುಚ್ಚಿಕೊಂಡಿದ್ದವರು ಯಾರೂ ಉಳಿಯಲಿಲ್ಲ. ಮುಚ್ಚಲು ತಂದದ್ದೆಲ್ಲ ಹೊರಲು ಹೋಯಿತು.

ಆಲಿಕಲ್ಲು ಸಣ್ಣದಾಯಿತು. ಮಳೆ ಮಾತ್ರ ಉಳಿಯಿತು. ಅದು ಸುರಿಯಿತು, ಇವರು ಕುಟ್ಟಿದರು. ಕೊನೆಯ ಗೂಟ ಬಂದಾಗ ಶರಭಯ್ಯನ ಉಗುರಿನಲ್ಲಿ ಮಣ್ಣಿಗಿಂತ ರಕ್ತ ಹೆಚ್ಚಿತ್ತು.

ಹೊತ್ತು ಮುಳುಗುವ ಮುಂಚೆ ಮಳೆ ನಿಂತಿತು. ಜಿನುಗುವುದೂ ನಿಂತಿತು.

ಏರಿಯುದ್ದಕ್ಕೂ ಆಲಿಕಲ್ಲು ಮಲ್ಲಿಗೆ ರಾಶಿಯ ಹಾಗೆ ಬಿದ್ದಿತ್ತು. ನೀಲವ್ವ ಒಂದನ್ನು ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಗೌಡರ ಅಂಗೈಯಲ್ಲಿಟ್ಟಳು.

"ತಿನ್ರಿ ಗೌಡ್ರ. ನಿಮ್ಮ ಬೆಳಿ."

ಗೌಡರು ತಿಂದರು.

ಹೋಗುವಾಗ ಹೆಂಗಸರು ತಮ್ಮ ತಮ್ಮ ಒನಕೆ ಗುರುತು ಹಿಡಿದು ಹೆಗಲಿಗಿಟ್ಟುಕೊಂಡರು.

"ಇನ್ನೊಮ್ಮೆ ಒನಕಿ ಮುಟ್ಟಿದ್ರ ಕೈ ಮುರೀತೀನಿ," ಎಂದು ನೀಲವ್ವ ಶರಭಯ್ಯನಿಗೆ ಹೇಳಿದಳು. ಹೇಳಿ, ಸೆರಗಿನ ತುದಿಯಿಂದ ಅವನ ಹಣೆಯ ರಕ್ತ ಒರೆಸಿ ಹೋದಳು.

*

ಮರುದಿನ ಬೆಳಿಗ್ಗೆ ಶರಭಯ್ಯ ಕೆರೆಯಲ್ಲಿ ಸ್ನಾನ ಮಾಡಿದ. ಅಲ್ಲಿಗೆ ಬಂದ ಮೇಲೆ ಮೊದಲ ಸಲ ಮೈ ತುಂಬ ನೀರು ಹಾಕಿಕೊಂಡದ್ದು. ಮಡಿ ಉಟ್ಟು, ವಿಭೂತಿ ಹಚ್ಚಿಕೊಂಡು ಬಂದ. ಮಠದಲ್ಲಿ ಹಂಚುಗಳಿರಲಿಲ್ಲ. ಬಿಸಿಲು ನೇರವಾಗಿ ಒಳಗೆ ಬಂದು ಅಜ್ಜನ ಪಕ್ಕ ಕುಳಿತಿತ್ತು.

"ಕಂಡಿ ಮುಚ್ಚೇತ್ರಿ, ಅಜ್ಜಾರ."

"ಹೂಂ."

"ಗೂಟಾನೂ ಕಿತ್ತೀನ್ರಿ."

"ನೋಡೀನಿ."

ಶರಭಯ್ಯ ಮುಂದೆ ಬಂದು, ಮಂಡಿಯೂರಿ, ತಲೆ ಬಾಗಿಸಿದ.

ಅಜ್ಜ ಕೈ ಎತ್ತಿ ಅವನ ತಲೆಯ ಮೇಲಿಟ್ಟರು.

ಶರಭಯ್ಯ ಹಲ್ಲು ಕಚ್ಚಿದ. ಅಜ್ಜ ಕೈ ತುಸು ಸರಿಸಿದರು. ಅಲ್ಲೂ ಒಂದು ಬುಗುಟು. ಹಿಂದಕ್ಕೆ ಸರಿಸಿದರು. ಅಲ್ಲಿ ಎರಡು. ನೆತ್ತಿ, ಹಿಂದಲೆ, ಕಿವಿಯ ಮೇಲೆ, ಎಲ್ಲಿ ಕೈಯಿಟ್ಟರೂ ಆಲಿಕಲ್ಲು ಬಿದ್ದ ಜಾಗ.

ಅಜ್ಜ ಕೈ ತೆಗೆದರು.

"ನಾ ತಡಾ ಮಾಡಿದ್ನೆಪ್ಪಾ," ಎಂದರು. "ಆಗ್ಲೆ ಯಾರೋ ಕೊಟ್ಟು ಹೋಗ್ಯಾರ. ಸಲಿಕಿ ತಗೊ."